ಆ್ಯಂಟಿಬಯಾಟಿಕ್ ಇಂಜೆಕ್ಷನ್ ದಿನ ಬಿಟ್ಟು ದಿನ ಕೊಟ್ಟರೆ ಅದು ಮೋಸವೇ? ಡೋಸಿನ ಹಿಂದಿನ ಲೆಕ್ಕ ಇಲ್ಲಿದೆ

ಹಾಸನದ ಕಡೆಯ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, "ಇದು ನಿಜವಾ? ಸ್ವಲ್ಪ ಬೇಗ ಹೇಳಿ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ" ಎಂದು ಬರೆದಿದ್ದರು. ಫಾರ್ವರ್ಡ್‌ನಲ್ಲಿ ಇದ್ದದ್ದು ಹೀಗೆ: "ಎಚ್ಚರ!! ಆ್ಯಂಟಿಬಯಾಟಿಕ್ ಕಮ್ಮಿ ಕೊಟ್ಟರೆ ಕ್ರಿಮಿ ಸಾಯಲ್ಲ, ಇನ್ನೂ ಬಲವಾಗುತ್ತೆ. ಆಸ್ಪತ್ರೆಯವರು ದಿನ ಬಿಟ್ಟು ದಿನ ಇಂಜೆಕ್ಷನ್ ಕೊಟ್ಟು ಬಿಲ್ ಮಾತ್ರ ದಿನಾ ಹಾಕುತ್ತಾರೆ. ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಟೆಸ್ಟ್ ಮಾಡೋದು ದುಡ್ಡು ಮಾಡೋ ದಾರಿ. ಡೋಸ್ ಎಲ್ಲರಿಗೂ ಒಂದೇ. ಎಲ್ಲಾ ಗ್ರೂಪಿಗೂ ಕಳಿಸಿ."

ಅಮ್ಮನಿಗೆ 72 ವರ್ಷ, ತೂಕ 46 ಕಿಲೋ. ಮೂತ್ರದ ಸೋಂಕು ರಕ್ತಕ್ಕೆ ಹರಡಿ ಅಡ್ಮಿಟ್ ಮಾಡಿದ್ದರು. ಮೊದಲ ದಿನ ಅಮಿಕಾಸಿನ್ ಎಂಬ ಇಂಜೆಕ್ಷನ್ ಪೂರ್ತಿ ಡೋಸ್ ಕೊಟ್ಟರು. ಆಮೇಲೆ ಎರಡು ಸಲ ರಕ್ತ ತೆಗೆದುಕೊಂಡು ಹೋದರು. ಮರುದಿನ ಇಂಜೆಕ್ಷನ್ ಕೊಡಲೇ ಇಲ್ಲ, "ನಾಳೆ ಕೊಡ್ತೀವಿ" ಎಂದರು. ಅಷ್ಟು ಹೊತ್ತಿಗೆ ಓದುಗರ ಅಣ್ಣ ಮೇಲಿನ ಫಾರ್ವರ್ಡ್ ಅನ್ನು ಕುಟುಂಬದ ಗ್ರೂಪಿಗೆ ಹಾಕಿ, "ನನ್ನ ಮಾವನಿಗೆ ಇದೇ ಇಂಜೆಕ್ಷನ್ ಬೆಳಿಗ್ಗೆ, ಸಂಜೆ ಎರಡು ಹೊತ್ತು ಕೊಟ್ಟಿದ್ರು, ಇಲ್ಲಿ ಏನೋ ನಡೀತಿದೆ, ಬೇರೆ ಕಡೆ ಶಿಫ್ಟ್ ಮಾಡೋಣ" ಎಂದಿದ್ದರು.

ಆ ಫಾರ್ವರ್ಡ್‌ನಲ್ಲಿ ಒಂದೇ ಒಂದು ಸಾಲು ನಿಜ. ಕ್ರಿಮಿಗೆ ತಾಗುವ ಔಷಧ ತೀರಾ ಕಮ್ಮಿಯಾದರೆ ಅದು ಸಾಯದೆ ಉಳಿದು ಔಷಧಕ್ಕೆ ಬಗ್ಗದ ಕ್ರಿಮಿಯಾಗಬಹುದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಉಳಿದದ್ದೆಲ್ಲ ತಪ್ಪು. ಡೋಸ್ ಎಲ್ಲರಿಗೂ ಒಂದೇ ಎಂಬುದಂತೂ ಜೀವಕ್ಕೇ ಕುತ್ತು ತರುವಂಥ ತಪ್ಪು. ಆ ಓದುಗರಿಗೆ ಅವತ್ತೇ ಚುಟುಕಾಗಿ ಉತ್ತರ ಕೊಟ್ಟೆವು. ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಮೂತ್ರದಿಂದ ಔಷಧ ತೆಗೆದ ಕತೆ

ನಾವು ನುಂಗಿದ ಅಥವಾ ಚುಚ್ಚಿಸಿಕೊಂಡ ಔಷಧ ಒಳಗೇ ಉಳಿಯುವುದಿಲ್ಲ. ಒಂದು ಕಡೆಯಿಂದ ದೇಹ ಅದನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಕೆಲವನ್ನು ಲಿವರ್ ಒಡೆಯುತ್ತದೆ, ಕೆಲವನ್ನು ಕಿಡ್ನಿ ಸೋಸಿ ಮೂತ್ರಕ್ಕೆ ಕಳಿಸುತ್ತದೆ. ಔಷಧ ಎಷ್ಟು ಬೇಗ ಒಳಗೆ ಸೇರುತ್ತದೆ, ಎಲ್ಲೆಲ್ಲಿ ಹರಡುತ್ತದೆ, ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂದು ಲೆಕ್ಕ ಹಾಕುವ ಶಾಸ್ತ್ರಕ್ಕೆ ಫಾರ್ಮಕೊಕೈನೆಟಿಕ್ಸ್ ಎಂದು ಹೆಸರು. ಹೆಸರು ಬಾಯಿಗೆ ತೊಡಕು, ವಿಷಯ ಮಾತ್ರ ತೂತಿರುವ ಕೊಡಕ್ಕೆ ನೀರು ತುಂಬಿದಷ್ಟೇ ಸರಳ. ಎಷ್ಟು ಹಾಕಿದೆವು ಎನ್ನುವುದರ ಜೊತೆಗೆ ತೂತು ಎಷ್ಟು ದೊಡ್ಡದು ಎಂದೂ ಗೊತ್ತಿರಬೇಕು.

ಈ ಪಾಠ ಆ್ಯಂಟಿಬಯಾಟಿಕ್ ಚರಿತ್ರೆಯ ಮೊದಲ ಪುಟದಲ್ಲೇ ಇದೆ. 1941ರ ಫೆಬ್ರವರಿ 12ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ 43 ವರ್ಷದ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಟ್ಟರು. ಮುಖವೆಲ್ಲ ಕೀವು ತುಂಬಿ ಒಂದು ಕಣ್ಣನ್ನೇ ತೆಗೆಯಬೇಕಾಗಿ ಬಂದಿದ್ದ ಮನುಷ್ಯ. (ಗುಲಾಬಿ ಮುಳ್ಳು ಗೀರಿ ಹೀಗಾಯಿತು ಎಂಬ ಕತೆ ಎಲ್ಲೆಡೆ ಓಡಾಡುತ್ತದೆ. ಯುದ್ಧಕಾಲದ ಬಾಂಬ್ ದಾಳಿಯಲ್ಲಿ ಆದ ಗಾಯ ಅದು ಎಂದು ಅವರ ಮನೆಯವರು ಹೇಳಿದ್ದಾರೆ. ಫಾರ್ವರ್ಡ್‌ಗಳು ವಾಟ್ಸಾಪ್‌ಗಿಂತ ಹಳೆಯವು.) ಔಷಧ ಶುರುವಾದ ಒಂದೇ ದಿನಕ್ಕೆ ಚೇತರಿಕೆ ಕಂಡಿತು, ಜ್ವರ ಇಳಿಯಿತು, ಊಟ ಸೇರತೊಡಗಿತು. ಆದರೆ ಆಗ ಇಡೀ ಲೋಕದಲ್ಲಿ ಇದ್ದದ್ದೇ ಚಿಟಿಕೆಯಷ್ಟು ಪೆನಿಸಿಲಿನ್. ಕಿಡ್ನಿ ಅದನ್ನು ಬಲು ಬೇಗ ಹೊರಹಾಕುತ್ತದೆ. ಸುಮಾರು ಅರ್ಧ ಗಂಟೆಗೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯುತ್ತದೆ. ಸಂಶೋಧಕರು ಪೇದೆಯ ಮೂತ್ರವನ್ನು ಹಿಡಿದು, ಪ್ರಯೋಗಾಲಯಕ್ಕೆ ಸಾಗಿಸಿ, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಅದೇ ಪೇದೆಗೆ ಚುಚ್ಚಿದರು. ಐದು ದಿನಕ್ಕೆ ಅದೂ ಮುಗಿಯಿತು. ಸೋಂಕು ಮರುಕಳಿಸಿ ಮಾರ್ಚ್ 15ರಂದು ಅವರು ತೀರಿಕೊಂಡರು.

ಕ್ರಿಮಿಗೆ ಸರಿಯಾದ ಔಷಧವೇ ಸಿಕ್ಕಿತ್ತು. ಅದು ಬೇಕಾದಷ್ಟು ಹೊತ್ತು ದೇಹದಲ್ಲಿ ನಿಲ್ಲಲಿಲ್ಲ, ಅಷ್ಟೇ. ಹಾಸನದ ಅಮ್ಮನದು ಇದರ ತದ್ವಿರುದ್ಧ ಸಮಸ್ಯೆ. ಅವರ ದೇಹದಲ್ಲಿ ಔಷಧ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು.

ಅಮ್ಮನ ಲೆಕ್ಕ

ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯವನ್ನು ಅರ್ಧಾಯು ಎನ್ನುತ್ತಾರೆ. ಕಿಡ್ನಿ ಗಟ್ಟಿಯಾಗಿರುವ ವಯಸ್ಕರಲ್ಲಿ ಅಮಿಕಾಸಿನ್‌ನ ಅರ್ಧಾಯು ಸುಮಾರು ಎರಡರಿಂದ ಮೂರು ಗಂಟೆ. ಕಿಡ್ನಿ ಕೆಲಸ ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ ಅದು ಹೆಚ್ಚುಕಮ್ಮಿ ಎಂಟು ಗಂಟೆಯಾಗುತ್ತದೆ.

ಲೆಕ್ಕಕ್ಕೆ ಸುಲಭವಾಗಲೆಂದು ಇಂಜೆಕ್ಷನ್ ಮುಗಿದ ಕೂಡಲೇ ಒಂದು ಲೀಟರ್ ರಕ್ತದಲ್ಲಿ 48 ಮಿಲಿಗ್ರಾಂ ಇತ್ತು ಎಂದುಕೊಳ್ಳೋಣ. ಅರ್ಧಾಯು ಮೂರು ಗಂಟೆ ಇರುವ ಹುಡುಗನಲ್ಲಿ ಅದು 24, 12, 6, 3 ಎಂದು ಮೂರು ಮೂರು ಗಂಟೆಗೆ ಇಳಿಯುತ್ತಾ ಹೋಗಿ, ಮರುದಿನ ಅದೇ ಹೊತ್ತಿಗೆ 0.2ಕ್ಕಿಂತ ಕೆಳಗಿರುತ್ತದೆ. ಅಂದರೆ ಖಾಲಿ. ಇನ್ನೊಂದು ಡೋಸ್ ಕೊಡಬಹುದು. ಅರ್ಧಾಯು ಎಂಟು ಗಂಟೆ ಇರುವ ಅಮ್ಮನಲ್ಲಿ ಎಂಟು ಗಂಟೆಗೆ 24, ಹದಿನಾರಕ್ಕೆ 12, ಇಪ್ಪತ್ನಾಲ್ಕಕ್ಕೆ 6. ಮುಂದಿನ ಡೋಸ್ ಕೊಡುವ ಮುಂಚೆ ಈ ಅಂಕಿ 5ಕ್ಕಿಂತ ಕೆಳಗಿರಲಿ ಎಂಬುದು ಹಲವು ಕಡೆ ವೈದ್ಯರು ಇಟ್ಟುಕೊಳ್ಳುವ ಮಿತಿ. ಇನ್ನೂ ಕಟ್ಟುನಿಟ್ಟಿನ ಮಿತಿ ಇಟ್ಟುಕೊಳ್ಳುವವರೂ ಇದ್ದಾರೆ. ಅಮ್ಮನದು ಅಲ್ಲಿಗೆ ಇಳಿದಿರಲಿಲ್ಲ. ಇನ್ನೊಂದು ದಿನ ಕಾದರೆ, 48 ಗಂಟೆಗೆ, ಅದು 0.75ಕ್ಕೆ ಇಳಿಯುತ್ತದೆ.

ಕಾಯದೆ ಕೊಟ್ಟರೆ ಏನಾಗುತ್ತದೆ? ಅಮಿಕಾಸಿನ್, ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಇವೆಲ್ಲ ಒಂದೇ ಜಾತಿಯ ಔಷಧಗಳು. ಇವು ಕಿಡ್ನಿಯ ನಳಿಕೆಗಳಲ್ಲಿರುವ ಕೋಶಗಳ ಒಳಗೂ, ಒಳಗಿವಿಯ ಕೂದಲುಕೋಶಗಳ ಒಳಗೂ ಸೇರಿಕೊಳ್ಳುತ್ತವೆ. ರಕ್ತದಲ್ಲಿ ಔಷಧ ಒಮ್ಮೆ ಜೋರಾಗಿ ಏರಿ ಇಳಿದರೆ ಈ ಕೋಶಗಳಿಗೆ ಸುಧಾರಿಸಿಕೊಳ್ಳಲು ಬಿಡುವು ಸಿಗುತ್ತದೆ. ಇಳಿಯದೆ ಮೇಲೇ ನಿಂತರೆ ದಿನವಿಡೀ ಒಳಗೆ ಇಂಗುತ್ತಲೇ ಇರುತ್ತದೆ. ಕಿಡ್ನಿಯ ಕೋಶಗಳು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತವೆ. ಕಿವಿಯ ಕೂದಲುಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಹೋದ ಕೇಳ್ಮೆ ಹೋದಂತೆಯೇ. ಇನ್ನೂ ಒಂದು ವಿಷಚಕ್ರವಿದೆ: ಕಿಡ್ನಿಗೆ ಪೆಟ್ಟು ಬಿದ್ದರೆ ಔಷಧ ಹೊರಗೆ ಹೋಗುವುದು ಮತ್ತಷ್ಟು ನಿಧಾನವಾಗುತ್ತದೆ, ನಿಧಾನವಾದರೆ ಕಿಡ್ನಿಗೆ ಮತ್ತಷ್ಟು ಪೆಟ್ಟು. ಅರ್ಧಾಯು 24 ಗಂಟೆಗೆ ಏರಿದ ರೋಗಿಗೆ ದಿನಾ ಅದೇ ಡೋಸ್ ಕೊಟ್ಟರೆ ಮೊದಲ ದಿನ 48 ಇದ್ದ ತುದಿ ಎರಡನೇ ದಿನ 72, ಮೂರನೇ ದಿನ 84, ನಾಲ್ಕನೇ ದಿನ 90 ಆಗುತ್ತದೆ.

ಹಾಗಾದರೆ ಅಣ್ಣನ ಮಾವನಿಗೆ ಎರಡು ಹೊತ್ತು ಕೊಟ್ಟದ್ದು ತಪ್ಪೇ? ಇರಬೇಕಿಲ್ಲ. ಒಂದು ದಿನದ ಡೋಸನ್ನು ಎರಡು ಮಾಡಿ ಕೊಡುವುದು ಹಳೆಯ ಪದ್ಧತಿ, ಈಗಲೂ ಕೆಲವು ಕಡೆ ಉಂಟು. ಮಾವನ ವಯಸ್ಸು, ತೂಕ, ಕಿಡ್ನಿ ಹೇಗಿತ್ತೋ ನಮಗೆ ಗೊತ್ತಿಲ್ಲ. ಆ ಗ್ರೂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ?"

ಓದುಗರ ಎರಡನೇ ಪ್ರಶ್ನೆ ಇದೇ ಆಗಿತ್ತು. ಅಮ್ಮನ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.0 ಎಂದಿತ್ತು, ಪಕ್ಕದಲ್ಲಿ ಕೆಂಪು ಗುರುತಿರಲಿಲ್ಲ. "ಕಿಡ್ನಿ ಚೆನ್ನಾಗಿದೆ ಅಂತ ರಿಪೋರ್ಟೇ ಹೇಳ್ತಿದೆ, ಮತ್ಯಾಕೆ ಡೋಸ್ ತಡ?"

ತುಂಬ ಜನ ಎಡವುವುದು ಇಲ್ಲೇ. ಕ್ರಿಯಾಟಿನಿನ್ ಹುಟ್ಟುವುದು ನಮ್ಮ ಮಾಂಸಖಂಡಗಳಲ್ಲಿ. ವಯಸ್ಸಾಗಿ ಮೈ ಇಳಿದವರಲ್ಲಿ ಮಾಂಸಖಂಡವೇ ಕಮ್ಮಿ, ಆದ್ದರಿಂದ ಕ್ರಿಯಾಟಿನಿನ್ ಹುಟ್ಟುವುದೂ ಕಮ್ಮಿ. ಕಿಡ್ನಿ ಅರ್ಧಕ್ಕಿಂತ ಕೆಳಗೆ ಕೆಲಸ ಮಾಡುತ್ತಿದ್ದರೂ ರಿಪೋರ್ಟ್ ನಾರ್ಮಲ್ ಎಂದು ತೋರಿಸಬಹುದು. ಇದಕ್ಕಾಗಿ ವೈದ್ಯರು ಒಂದು ಸೂತ್ರ ಬಳಸುತ್ತಾರೆ. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬಿಬ್ಬರು 1976ರಲ್ಲಿ ಪ್ರಕಟಿಸಿದ್ದು. 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಹೆಂಗಸರಾದರೆ 0.85ರಿಂದ ಗುಣಿಸಬೇಕು. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಶುದ್ಧ ಮಾಡುತ್ತಿದೆ ಎಂಬ ಅಂದಾಜು ಸಿಗುತ್ತದೆ.

28 ವರ್ಷದ, 70 ಕಿಲೋ ತೂಕದ ಗಂಡಸಿಗೆ ಕ್ರಿಯಾಟಿನಿನ್ 1.0 ಇದ್ದರೆ ಉತ್ತರ ಸುಮಾರು 109. 72 ವರ್ಷದ, 46 ಕಿಲೋದ ಅಮ್ಮನಿಗೆ ಅದೇ 1.0 ಇದ್ದರೆ ಉತ್ತರ ಸುಮಾರು 37. ರಿಪೋರ್ಟಿನಲ್ಲಿ ಒಂದೇ ಅಂಕಿ, ಕಿಡ್ನಿಯ ಕೆಲಸದಲ್ಲಿ ಮೂರು ಪಟ್ಟು ವ್ಯತ್ಯಾಸ. ದಯವಿಟ್ಟು ಈ ಸೂತ್ರ ಹಿಡಿದು ಮನೆಯಲ್ಲಿ ಡೋಸ್ ತೀರ್ಮಾನಿಸಲು ಹೋಗಬೇಡಿ. ಸ್ಥೂಲಕಾಯದವರಿಗೆ ಯಾವ ತೂಕ ಹಾಕಬೇಕು ಎಂಬುದರಲ್ಲೇ ತಕರಾರಿದೆ. ಅದೂ ಅಲ್ಲದೆ ಕಿಡ್ನಿ ದಿಢೀರನೆ ಕೆಡುತ್ತಿರುವಾಗ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಹಿಡಿಯುತ್ತದೆ, ಅಷ್ಟು ಹೊತ್ತೂ ಸೂತ್ರ ಸುಳ್ಳು ಹೇಳುತ್ತದೆ.

ರಕ್ತ ಎರಡು ಸಲ ಯಾಕೆ?

ಸೂತ್ರ ಕೊಡುವುದು ಅಂದಾಜು. ಈ ರೋಗಿಯ ದೇಹದಲ್ಲಿ ಈಗ ನಿಜವಾಗಿ ಏನಾಗುತ್ತಿದೆ ಎಂದು ತಿಳಿಯಲು ಅಳೆದೇ ನೋಡಬೇಕು. ಒಂದು ಸಲ ಅಳೆದರೆ ಆ ಕ್ಷಣದ ಮಟ್ಟ ಮಾತ್ರ ಗೊತ್ತಾಗುತ್ತದೆ. ಎರಡು ಸಲ ಅಳೆದರೆ ಇಳಿಯುವ ವೇಗ ಗೊತ್ತಾಗುತ್ತದೆ. ಇಂಜೆಕ್ಷನ್ ಆದ 2 ಗಂಟೆಗೆ 40, 18 ಗಂಟೆಗೆ 10 ಬಂತು ಎನ್ನಿ. ನಲವತ್ತು ಹತ್ತಾಗಲು ಎರಡು ಸಲ ಅರ್ಧವಾಗಬೇಕು. ಅದಕ್ಕೆ 16 ಗಂಟೆ ಹಿಡಿಯಿತು, ಅಂದರೆ ಅರ್ಧಾಯು 8 ಗಂಟೆ. ಮುಂದಿನ ಡೋಸ್ ಯಾವಾಗ ಎಂದು ಇಷ್ಟರಿಂದಲೇ ಹೇಳಬಹುದು. ಜೆಂಟಾಮೈಸಿನ್‌ಗೆ ಒಂದೇ ಸಲದ ರಕ್ತದಿಂದ ಕೆಲಸ ಸಾಗಿಸುವ ನಕ್ಷೆಯೂ ಇದೆ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯವರು ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಅನುಭವದೊಂದಿಗೆ 1995ರಲ್ಲಿ ಅದನ್ನು ಪ್ರಕಟಿಸಿದರು. ಇಂಜೆಕ್ಷನ್ ಆದ 6ರಿಂದ 14 ಗಂಟೆಯೊಳಗೆ ರಕ್ತ ತೆಗೆದು, ನಕ್ಷೆಯಲ್ಲಿ ಗುರುತು ಹಾಕಿದರೆ 24, 36, 48 ಗಂಟೆಗಳಲ್ಲಿ ಯಾವ ಅಂತರ ಎಂದು ಸಿಗುತ್ತದೆ.

ಇದರಲ್ಲಿ ಎಡವಟ್ಟಾಗುವುದು ಮೆಷಿನ್‌ನಿಂದಲ್ಲ, ಗಡಿಯಾರದಿಂದ. ಇಂಜೆಕ್ಷನ್ ಹತ್ತು ಗಂಟೆಗೆ ಎಂದು ಚಾರ್ಟಿನಲ್ಲಿ ಬರೆದು, ನಿಜಕ್ಕೂ ಹನ್ನೊಂದೂವರೆಗೆ ಕೊಟ್ಟಿದ್ದರೆ ಮುಂದಿನ ಲೆಕ್ಕವೆಲ್ಲ ಅಡಿಮೇಲು. ಔಷಧ ಹರಿದ ನಳಿಕೆಯಿಂದಲೇ ರಕ್ತ ಎಳೆದರೂ ಅಂಕಿ ಸುಳ್ಳೇ ಸುಳ್ಳು ಏರಿ ಕೂರುತ್ತದೆ. ರೋಗಿಯ ಪಕ್ಕ ಕೂತವರು ಮಾಡಬಹುದಾದ ಒಂದು ಉಪಕಾರವೆಂದರೆ ಡ್ರಿಪ್ ಹಾಕಿದ ಹೊತ್ತು, ಮುಗಿದ ಹೊತ್ತು, ರಕ್ತ ತೆಗೆದ ಹೊತ್ತು ಮೂರನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು.

ಅಣ್ಣನ ಭಯ ಪೂರ್ತಿ ಸುಳ್ಳಲ್ಲ

ಸೋಂಕು ಜೋರಾಗಿರುವ ಮೊದಲ ದಿನಗಳಲ್ಲಿ ಡೋಸ್ ಕಮ್ಮಿ ಮಾಡುವುದು ನಿಜವಾಗಿಯೂ ಅಪಾಯ. ಕಿಡ್ನಿಗೆ ಹೆದರಿ ಅವಸರದಲ್ಲಿ ಡೋಸ್ ಇಳಿಸುವುದು ಸರಿಯೇ ಎಂದು ವೈದ್ಯಲೋಕದಲ್ಲೇ ಚರ್ಚೆ ಇದೆ. ಹಾಗಾಗಿಯೇ ಒಂದು ನಿಯಮ: ಕಿಡ್ನಿ ಕೆಟ್ಟಿದ್ದರೂ ಮೊದಲ ಡೋಸನ್ನು ಸಾಮಾನ್ಯವಾಗಿ ಕಮ್ಮಿ ಮಾಡುವುದಿಲ್ಲ. ಖಾಲಿ ಕೊಡ ತುಂಬಲು ಎಷ್ಟು ನೀರು ಬೇಕು ಎನ್ನುವುದು ಕೊಡದ ಗಾತ್ರಕ್ಕೆ ಸೇರಿದ್ದು. ತೂತು ಚಿಕ್ಕದೋ ದೊಡ್ಡದೋ ಎನ್ನುವುದು ಮತ್ತೆ ಯಾವಾಗ ಸುರಿಯಬೇಕು ಎಂಬುದಕ್ಕೆ ಬೇಕು. ಅಮ್ಮನಿಗೂ ಮೊದಲ ದಿನ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಪೂರ್ತಿ ಡೋಸೇ ಹೋಗಿತ್ತು. ಕಮ್ಮಿಯಾದದ್ದು ಡೋಸ್ ಅಲ್ಲ, ಹೆಚ್ಚಾದದ್ದು ಅಂತರ.

ಅಂತರ ಹೆಚ್ಚಿಸಿದರೆ ನಡುವೆ ಕ್ರಿಮಿ ಚಿಗುರುವುದಿಲ್ಲವೇ? ಅದು ಔಷಧ ಕೊಲ್ಲುವ ರೀತಿಯ ಮೇಲೆ ನಿಂತಿದೆ. ಅಮಿಕಾಸಿನ್ ಜಾತಿಯವು ಒಂದೇ ಏಟಿನವು. ತುದಿ ಎಷ್ಟು ಎತ್ತರಕ್ಕೆ ಏರಿತೋ ಅಷ್ಟು ಕ್ರಿಮಿ ಸಾಯುತ್ತವೆ, ಔಷಧ ಇಳಿದ ಮೇಲೂ ಕೆಲವು ಗಂಟೆ ಉಳಿದ ಕ್ರಿಮಿಗಳು ಮೇಲೇಳುವುದಿಲ್ಲ. ಪೆನಿಸಿಲಿನ್ ಜಾತಿಯವು ಹಾಗಲ್ಲ. ಅಲ್ಲಿ ತುದಿಯನ್ನು ಇನ್ನಷ್ಟು ಏರಿಸಿದರೆ ಹೆಚ್ಚು ಲಾಭವಿಲ್ಲ, ಒಂದು ಮಟ್ಟದ ಮೇಲೆ ಎಷ್ಟು ಗಂಟೆ ನಿಂತಿತು ಎನ್ನುವುದೇ ಮುಖ್ಯ. ಅಮಾಕ್ಸಿಸಿಲಿನ್ ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು ಬರೆಯುವುದು ಇದಕ್ಕೇ. "ಕೆಲಸಕ್ಕೆ ಹೋಗಬೇಕು, ಮೂರನ್ನೂ ರಾತ್ರಿ ಒಟ್ಟಿಗೆ ತಗೋತೀನಿ" ಎನ್ನುವವರು ಒಟ್ಟು ಮಿಲಿಗ್ರಾಂ ಸರಿಯಾಗಿ ನುಂಗಿಯೂ ಹಗಲೆಲ್ಲ ಕ್ರಿಮಿಗೆ ರಜೆ ಕೊಟ್ಟಿರುತ್ತಾರೆ. ಐಸಿಯುನಲ್ಲಿ ಮೆರೊಪೆನೆಮ್, ಪಿಪೆರಾಸಿಲಿನ್ ಥರದ ಔಷಧವನ್ನು ಅರ್ಧ ಗಂಟೆಯಲ್ಲಿ ಹರಿಸದೆ ಮೂರ್ನಾಲ್ಕು ಗಂಟೆ ಹನಿಹನಿಯಾಗಿ ಬಿಡುವುದನ್ನು ನೋಡಿ "ನರ್ಸ್ ಮರೆತೇಬಿಟ್ರು" ಎಂದು ಡ್ರಿಪ್‌ನ ಚಕ್ರ ತಿರುಗಿಸಿ ಜೋರು ಮಾಡುವ ಸಂಬಂಧಿಕರಿದ್ದಾರೆ. ದಯವಿಟ್ಟು ಮುಟ್ಟಬೇಡಿ, ಬೇಕೆಂದೇ ನಿಧಾನ ಮಾಡಿರುತ್ತಾರೆ.

ವ್ಯಾಂಕೊಮೈಸಿನ್ ಇವೆರಡರ ನಡುವಿನದು. ಬೋರ್ನಿಯೋ ಕಾಡಿನ ಮಣ್ಣಿನಲ್ಲಿ ಸಿಕ್ಕ ಜೀವಿಯಿಂದ ಬಂದ, 1958ರಿಂದ ಬಳಕೆಯಲ್ಲಿರುವ ಔಷಧ. ಇದಕ್ಕೆ ಇಡೀ ದಿನದಲ್ಲಿ ಕ್ರಿಮಿಗೆ ತಾಗಿದ ಒಟ್ಟು ಔಷಧ ಎಷ್ಟು ಎನ್ನುವುದು ಮುಖ್ಯ. ಮುಂದಿನ ಡೋಸಿಗೆ ಮುಂಚಿನ ಮಟ್ಟ 15ರಿಂದ 20 ಇರಲಿ ಎಂದು 2009ರಲ್ಲಿ ಅಮೆರಿಕದ ತಜ್ಞರು ಹೇಳಿದ್ದರು. ಆ ಗುರಿಯ ಹಿಂದೆ ಬಿದ್ದು ಬಹಳ ರೋಗಿಗಳ ಕಿಡ್ನಿಗೆ ಪೆಟ್ಟಾಯಿತು. 2020ರಲ್ಲಿ ಗಂಭೀರ ಎಂಆರ್‌ಎಸ್‌ಎ ಸೋಂಕಿನ ವಿಷಯದಲ್ಲಿ ಅವರೇ ಅದನ್ನು ಕೈಬಿಟ್ಟು, 24 ಗಂಟೆಯ ಒಟ್ಟು ಲೆಕ್ಕ ಹಾಕಿ, ಅದು ಒಂದು ಮಿತಿಯೊಳಗಿರಲಿ ಎಂದರು. ಹೋದ ಸಲ ಒಂದು ರೀತಿ, ಈ ಸಲ ಇನ್ನೊಂದು ರೀತಿ ಕೊಟ್ಟರೆಂದು ಡಾಕ್ಟರಿಗೆ ಗೊತ್ತಿಲ್ಲ ಎಂದಲ್ಲ. ಶಾಸ್ತ್ರವೇ ತಿದ್ದಿಕೊಂಡಿದೆ.

ಕಲ್ಚರ್ ರಿಪೋರ್ಟ್ ಬೇರೆ, ಇದು ಬೇರೆ

"ಕಲ್ಚರ್ ಮಾಡಿಸಿ ಆಗಿದೆ, ಮತ್ತೆ ಇನ್ನೊಂದು ಟೆಸ್ಟ್ ಯಾಕೆ" ಎನ್ನುವುದು ಸಹಜವಾದ ಪ್ರಶ್ನೆ. ಕಲ್ಚರ್ ಹೇಳುವುದು ಕ್ರಿಮಿಯ ಸುದ್ದಿ: ಅದು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ, ಎಷ್ಟು ಔಷಧಕ್ಕೆ ಬೆಳವಣಿಗೆ ನಿಲ್ಲುತ್ತದೆ. ಔಷಧದ ಮಟ್ಟದ ಪರೀಕ್ಷೆ ಹೇಳುವುದು ರೋಗಿಯ ಸುದ್ದಿ. ಎರಡನ್ನೂ ಕೂಡಿಸಿದರೆ ಡೋಸ್.

ಕಲ್ಚರ್ ರಿಪೋರ್ಟಿನಲ್ಲಿ ಔಷಧಗಳ ಎದುರು ಎಂಐಸಿ ಎಂಬ ಅಂಕಿ ಇರುತ್ತದೆ. ಒಂದಕ್ಕೆ 2, ಇನ್ನೊಂದಕ್ಕೆ 0.5 ಇದ್ದರೆ "ಸಣ್ಣ ಅಂಕಿಯದೇ ಒಳ್ಳೇದು, ಡಾಕ್ಟರ್ ತಪ್ಪು ಆರಿಸಿದ್ದಾರೆ" ಎಂದು ರಿಪೋರ್ಟಿನ ಫೋಟೋ ಹಾಕಿ ಕೇಳುವವರು ನಮಗೆ ಆಗಾಗ ಸಿಗುತ್ತಾರೆ. ಬೇರೆ ಬೇರೆ ಔಷಧಗಳ ಎಂಐಸಿಯನ್ನು ಹಾಗೆ ಹೋಲಿಸಲು ಬರುವುದಿಲ್ಲ. ರಕ್ತದಲ್ಲಿ 48ರ ಮಟ್ಟಕ್ಕೆ ಏರುವ ಔಷಧಕ್ಕೆ 2 ಎನ್ನುವುದು ತೀರಾ ಸಣ್ಣ ಅಂಕಿ. 1ರ ಮಟ್ಟಕ್ಕೂ ಏರದ ಔಷಧಕ್ಕೆ 0.5 ಕೂಡ ದೊಡ್ಡದೇ.

ಹೆಚ್ಚು ಬೇಕಾಗುವವರೂ ಇದ್ದಾರೆ

ಔಷಧದ ಮಟ್ಟ ನೋಡುವುದು ಕಮ್ಮಿ ಮಾಡಲಿಕ್ಕೆ ಮಾತ್ರ ಎಂದುಕೊಳ್ಳಬೇಡಿ. ಅಪಘಾತದಲ್ಲಿ ಗಾಯಗೊಂಡ, ಸುಟ್ಟಗಾಯವಾದ ಯುವಕರಲ್ಲಿ ಕಿಡ್ನಿ ಎಷ್ಟೋ ಸಲ ಮಾಮೂಲಿಗಿಂತ ಜೋರಾಗಿ ಸೋಸುತ್ತಿರುತ್ತದೆ. ಪುಸ್ತಕದ ಡೋಸ್ ಕೊಟ್ಟರೆ ಆಲ್ಬರ್ಟ್ ಅಲೆಕ್ಸಾಂಡರ್ ಕತೆಯೇ: ಔಷಧ ಮೂತ್ರಕ್ಕೆ, ಕ್ರಿಮಿ ರಕ್ತದಲ್ಲಿ. ಇವರಿಗೆ ಡೋಸ್ ಏರಿಸಬೇಕಾಗುತ್ತದೆ.

ವ್ಯತ್ಯಾಸ ಹುಟ್ಟಿನಿಂದಲೂ ಬರಬಹುದು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಅನ್ನು ಲಿವರ್ ಬದಲಿಸುವ ವೇಗ ವಂಶವಾಹಿಯಿಂದ ತೀರ್ಮಾನವಾಗುತ್ತದೆ. ಕೆಲವರು ಬೇಗ ಮುಗಿಸುತ್ತಾರೆ, ಕೆಲವರು ನಿಧಾನ. ಈ ವಿಷಯದಲ್ಲಿ ಲೋಕಕ್ಕೆ ಪಾಠ ಹೇಳಿದ್ದರಲ್ಲಿ ನಮ್ಮ ನೆರೆಯ ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವೂ ಒಂದು. ಸ್ಟ್ರೆಪ್ಟೊಮೈಸಿನ್ ಜೊತೆ ಐಸೋನಿಯಾಜಿಡ್ ಅನ್ನು ವಾರಕ್ಕೊಂದೇ ಸಲ ಕೊಟ್ಟು ನೋಡಿದಾಗ, ಬೇಗ ಮುಗಿಸುವ ಜಾತಿಯವರಲ್ಲಿ ಚಿಕಿತ್ಸೆ ಅಷ್ಟು ಫಲ ಕೊಡಲಿಲ್ಲ ಎಂದು ಅಲ್ಲಿ ಕಂಡುಬಂತು.

ಮಕ್ಕಳ ಮಾತೇ ಬೇರೆ. "ದೊಡ್ಡವರ ಮಾತ್ರೆ ಅರ್ಧ ಮಾಡಿ ಕೊಡಿ" ಎಂಬ ಸಲಹೆ ಇವತ್ತಿಗೂ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮಗು ಎಂದರೆ ಚಿಕ್ಕ ಸೈಜಿನ ದೊಡ್ಡವರಲ್ಲ. ಕ್ಲೋರಾಂಫೆನಿಕಾಲ್ ಎಂಬ ಔಷಧವನ್ನು ತೂಕದ ಲೆಕ್ಕದಲ್ಲೇ ಹಸುಗೂಸುಗಳಿಗೆ ಕೊಟ್ಟಾಗ ಮೈ ಬೂದುಬಣ್ಣಕ್ಕೆ ತಿರುಗಿ ಕೂಸುಗಳು ಸತ್ತವು. 1959ರಲ್ಲಿ ಕಾರಣ ತಿಳಿಯಿತು. ಅದನ್ನು ಹೊರಹಾಕಲು ಬೇಕಾದ ಲಿವರಿನ ಶಕ್ತಿ ಆಗತಾನೇ ಹುಟ್ಟಿದ ಕೂಸಿಗೆ ಬಂದಿರುವುದೇ ಇಲ್ಲ.

ಮನೆಯ ಮಾತ್ರೆಗೂ ಇದೇ ಲೆಕ್ಕ

ಆ್ಯಂಟಿಬಯಾಟಿಕ್ ಉಷ್ಣ, ಹಾಲಿನ ಜೊತೆ ತಗೋ ಎನ್ನುವ ಹಿರಿಯರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗಳ ವಿಷಯದಲ್ಲಿ ಇದು ತಪ್ಪು. ಹಾಲು, ಮೊಸರಿನ ಕ್ಯಾಲ್ಸಿಯಂ ಈ ಔಷಧಗಳನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರುವುದು ಕಮ್ಮಿಯಾಗುತ್ತದೆ. ಕಬ್ಬಿಣಾಂಶದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಬಿಳಿ ಸಿರಪ್ ಕೂಡ ಹಾಗೇ. ನೀರಿನ ಜೊತೆ ತೆಗೆದುಕೊಂಡು, ಉಳಿದವನ್ನು ಎಷ್ಟು ಗಂಟೆ ಬಿಟ್ಟು ತೆಗೆದುಕೊಳ್ಳಬೇಕೆಂದು ಮೆಡಿಕಲ್ ಶಾಪಿನಲ್ಲೇ ಕೇಳಿ. ಮಗುವಿನ ಸಿರಪ್‌ಗೆ ಅಡುಗೆಮನೆಯ ಚಮಚ ಬೇಡ. ಒಂದೇ ಹೆಸರಿನ ಸಿರಪ್ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹೋದ ಸಲದ "ಒಂದು ಮುಚ್ಚಳ" ಈ ಸಲ ಎರಡು ಪಟ್ಟಾಗಿರಬಹುದು.

ಇಷ್ಟೆಲ್ಲ ಓದಿ ಲ್ಯಾಬಿಗೆ ಹೋಗಿ "ನನ್ನ ಅಜಿಥ್ರೊಮೈಸಿನ್ ಲೆವೆಲ್ ನೋಡಿ" ಎನ್ನಬೇಡಿ. ಸಾಮಾನ್ಯವಾಗಿ ಬರೆಯುವ ಹೆಚ್ಚಿನ ಮಾತ್ರೆಗಳಲ್ಲಿ ಸಾಕಾಗುವ ಮಟ್ಟಕ್ಕೂ ಕೆಡುಕು ಮಾಡುವ ಮಟ್ಟಕ್ಕೂ ನಡುವೆ ಬೇಕಾದಷ್ಟು ಜಾಗವಿದೆ, ಅಳೆಯುವ ಅಗತ್ಯವಿಲ್ಲ. ಆ ಜಾಗ ಕಿರಿದಾಗಿರುವ ಅಮಿಕಾಸಿನ್, ಜೆಂಟಾಮೈಸಿನ್, ವ್ಯಾಂಕೊಮೈಸಿನ್‌ಗೆ ಈ ಪರೀಕ್ಷೆ ಮಾಡುತ್ತಾರೆ. ಅದೂ ದೊಡ್ಡ ಆಸ್ಪತ್ರೆಗಳಲ್ಲಿ. ಚಿಕ್ಕ ಊರಿನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ವೈದ್ಯರು ಸೂತ್ರ ನೋಡಿ ಅಂತರ ಹಾಕುತ್ತಾರೆ, ಕ್ರಿಯಾಟಿನಿನ್ ಮತ್ತೆ ಮತ್ತೆ ನೋಡುತ್ತಾರೆ, ಎರಡು ಮೂರು ದಿನಕ್ಕೆ ನಿಲ್ಲಿಸುತ್ತಾರೆ ಅಥವಾ ಬೇರೆ ಔಷಧಕ್ಕೆ ಹೋಗುತ್ತಾರೆ. ನಮ್ಮ ಆತಂಕ ಬೇರೆ ಕಡೆ ಇದೆ. ವಯಸ್ಸಾದವರಿಗೆ ಅಮಿಕಾಸಿನ್ ಬರೆಸಿಕೊಂಡು, ಮನೆಗೇ ಯಾರನ್ನೋ ಕರೆಸಿ, ಏಳು ದಿನ ದಿನಾ ಚುಚ್ಚಿಸಿ, ನಡುವೆ ಒಂದೇ ಒಂದು ಕಿಡ್ನಿ ಪರೀಕ್ಷೆಯನ್ನೂ ಮಾಡಿಸದಿರುವುದು. ಅಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಫಾರ್ವರ್ಡ್‌ಗಳು ಕೇಳುವುದಿಲ್ಲ.

ಆಸ್ಪತ್ರೆಯವರ ಕಡೆಯಿಂದಲೂ ಒಂದು ಲೋಪವಿದೆ. ಇಂಜೆಕ್ಷನ್ ಇವತ್ತಿಲ್ಲ ಎಂದು ಹೇಳುವಾಗಲೇ "ಅಮ್ಮನ ರಕ್ತದಲ್ಲಿ ನಿನ್ನೆಯ ಔಷಧ ಇನ್ನೂ ಇದೆ" ಎಂಬ ಒಂದು ಮಾತು ಸೇರಿಸಿದ್ದರೆ ಆ ಗ್ರೂಪಿನಲ್ಲಿ ಅಷ್ಟು ಗಲಾಟೆಯೇ ಆಗುತ್ತಿರಲಿಲ್ಲ. ಹೇಳದಿದ್ದರೆ ನೀವೇ ಕೇಳಿ: ಔಷಧದ ಹೆಸರೇನು, ಡೋಸ್ ಹಾಕುವಾಗ ಕಿಡ್ನಿಯ ಲೆಕ್ಕ ನೋಡಿದ್ದೀರಾ, ಮಟ್ಟ ಎಷ್ಟು ಬಂತು, ಮುಂದಿನ ಡೋಸ್ ಯಾವಾಗ. ಬಿಲ್ಲಿನ ಬಗ್ಗೆ ಅನುಮಾನವಿದ್ದರೆ ಕೊಟ್ಟ ಇಂಜೆಕ್ಷನ್‌ಗಳ ಚಾರ್ಟನ್ನು ಬಿಲ್ ಜೊತೆ ತಾಳೆ ನೋಡಿ. ಅದು ಡೋಸಿನಿಂದ ಬೇರೆಯಾದ ವಿಷಯ. ರೋಗಿಗೆ ಕಿವಿಯಲ್ಲಿ ಗುಂಯ್ ಎನ್ನುವುದು, ಕಿವಿ ಮಂದವಾಗುವುದು, ತಲೆ ತಿರುಗುವುದು, ಮೂತ್ರ ಕಮ್ಮಿಯಾಗುವುದು ಕಂಡರೆ ರೌಂಡ್ಸ್‌ಗೆ ಕಾಯದೆ ತಿಳಿಸಿ. ಸೊಂಟನೋವೆಂದು ಮನೆಯಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಯನ್ನು ಗುಟ್ಟಾಗಿ ಕೊಡಬೇಡಿ, ಅಮಿಕಾಸಿನ್ ಜೊತೆ ಸೇರಿದರೆ ಅದೂ ಕಿಡ್ನಿಗೆ ಏಟು.

ಓದುಗರು ನಾಲ್ಕು ದಿನ ಬಿಟ್ಟು ಮತ್ತೆ ಬರೆದರು. 48 ಗಂಟೆಗೆ ನೋಡಿದಾಗ ಮಟ್ಟ 1ಕ್ಕಿಂತ ಕೆಳಗೆ ಬಂದಿತ್ತಂತೆ, ಎರಡನೇ ಡೋಸ್ ಕೊಟ್ಟರು. ಕಲ್ಚರ್ ಬಂದ ಮೇಲೆ ಬೇರೆ ಔಷಧಕ್ಕೆ ಬದಲಿಸಿದರು. ಅಮ್ಮ ಗಂಜಿ ಬಿಟ್ಟು ಮುದ್ದೆ ಕೇಳುತ್ತಿದ್ದಾರೆ. ಅಣ್ಣ ಆ ಫಾರ್ವರ್ಡ್ ಅನ್ನು ಗ್ರೂಪಿನಿಂದ ಅಳಿಸಿದ್ದಾರೆ, ಆದರೆ ಅಷ್ಟರಲ್ಲಿ ಅದು ಅತ್ತೆಮನೆಯ ಗ್ರೂಪಿಗೆ ಹೋಗಿ ಆಗಿತ್ತು.